ಬರ್ಲಿನ್‌ನ ಚೌಕ ದಾಟಲಾಗದವರು

ಇವತ್ತು 1871ರ ಬರ್ಲಿನ್‌ಗೆ ಹೋಗೋಣ. ಅಲ್ಲಿನ ಮನೋವೈದ್ಯ ಕಾರ್ಲ್ ವೆಸ್ಟ್‌ಫಾಲ್ ಅವರ ಬಳಿಗೆ ಬಂದ ಕೆಲವು ಗಂಡಸರದ್ದು ಒಂದೇ ದೂರು. ಊರಿನ ದೊಡ್ಡ ಚೌಕಗಳನ್ನು ದಾಟೋಕೆ ಆಗ್ತಿಲ್ಲ! ಕಾಲಿಗೆ ಏನೂ ಆಗಿಲ್ಲ, ಬುದ್ಧಿ ನೆಟ್ಟಗಿದೆ. ಹೆದರೋಕೆ ಕಾರಣವೇ ಇಲ್ಲ ಅನ್ನೋದು ಅವರಿಗೂ ಗೊತ್ತು. ಆದರೂ ಚೌಕದ ಅಂಚಿಗೆ ಬಂದರೆ ಎದೆ ಡವಡವ, ಮೈಯೆಲ್ಲ ನಡುಕ. ಜೊತೆಗೆ ಒಬ್ಬರಿದ್ದರೆ, ಕೈಯಲ್ಲೊಂದು ಕೋಲಿದ್ದರೆ ಸ್ವಲ್ಪ ವಾಸಿ. ಇದಕ್ಕೆ ವೆಸ್ಟ್‌ಫಾಲ್ ಇಟ್ಟ ಹೆಸರು ಅಗೋರಾಫೋಬಿಯಾ. ಅಗೋರಾ ಅಂದ್ರೆ ಹಳೆಯ ಗ್ರೀಕ್ ಪಟ್ಟಣಗಳಲ್ಲಿ ಜನ ಸೇರುತ್ತಿದ್ದ ಬಯಲು, ಸಂತೆಯ ಜಾಗ.

ಗೊತ್ತಿದ್ದೂ ಯಾಕೆ ಹೆದರಿಕೆ? ಒಂದು ಸುಳಿವು ಸಿಕ್ಕಿದ್ದು 1911ರಲ್ಲಿ. ಸ್ವಿಟ್ಜರ್ಲೆಂಡಿನ ಎಡ್ವಾರ್ಡ್ ಕ್ಲಾಪರೇಡ್ ಅವರ ರೋಗಿಯೊಬ್ಬಳಿಗೆ ಹೊಸದೇನೂ ನೆನಪಲ್ಲಿ ಉಳೀತಿರಲಿಲ್ಲ. ಒಂದು ದಿನ ಅವರು ಬೆರಳ ಸಂದಿಯಲ್ಲಿ ಗುಂಡುಸೂಜಿ ಅಡಗಿಸಿಕೊಂಡು ಆಕೆಯ ಕೈ ಕುಲುಕಿದರು. ಚುಚ್ಚಿದ್ದು ಆಕೆಗೆ ಬೇಗನೇ ಮರೆತುಹೋಯ್ತು. ಆದರೆ ಮತ್ತೆ ಕೈ ಚಾಚಿದಾಗ ಆಕೆ ತನ್ನ ಕೈ ಹಿಂದಕ್ಕೆ ಎಳೆದುಕೊಂಡಳು. ಅಂದ್ರೆ, ನಡೆದದ್ದನ್ನು ಮರೆತ ಮೇಲೂ ಮಿದುಳಿನಲ್ಲಿ ಎಚ್ಚರಿಕೆ ಮಾತ್ರ ಉಳಿಯಬಹುದು.

ಇದು ತಪ್ಪೇನಲ್ಲ ಬಿಡಿ. ಹಗ್ಗ ಹಾವಿನಂತೆ ಕಂಡರೆ ಒಂದು ಸಲ ಬೆಚ್ಚಿಬೀಳ್ತೀವಿ, ಅಷ್ಟೇ. ಹಾವು ಹಗ್ಗದಂತೆ ಕಂಡರೆ ಜೀವಕ್ಕೇ ಕುತ್ತು. ಹಾಗಾಗಿ ಮಿದುಳು ಯಾವಾಗಲೂ ಎಚ್ಚರಿಕೆಯ ಕಡೆಗೇ ವಾಲುತ್ತೆ.

ತೊಂದರೆ ಶುರುವಾಗೋದು ಆಮೇಲೆ. 1947ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಮೌರರ್ ಇದನ್ನು ಎರಡು ಹಂತಗಳಲ್ಲಿ ವಿವರಿಸಿದರು. ಮೊದಲು ಹೆದರಿಕೆ ಕಲೀತೀವಿ. ಆಮೇಲೆ ಹೆದರಿಸುವ ಜಾಗದಿಂದ ದೂರ ಸರಿದಾಗ ಸಿಗುವ ಸಮಾಧಾನ, ಮುಂದಿನ ಸಲವೂ ದೂರ ಸರಿಯೋದನ್ನೇ ಕಲಿಸುತ್ತೆ. ಚೌಕ ಬಿಟ್ಟು ಸುತ್ತುಹಾದಿ ಹಿಡಿದವನಿಗೆ ಮನಸ್ಸು ಹಗುರ. ಆದರೆ ಚೌಕದಲ್ಲಿ ಏನೂ ಆಗಲ್ಲ ಅಂತ ಅವನ ಮಿದುಳಿಗೆ ತಿಳಿಯೋದಾದರೂ ಯಾವಾಗ? ಇವತ್ತು ಚೌಕ, ನಾಳೆ ಆ ಬೀದಿ, ನಾಡಿದ್ದು ಮನೆಯ ಹೊಸ್ತಿಲು. ಗದ್ದಲವಿಲ್ಲದೆ ಬದುಕು ಕಿರಿದಾಗ್ತಾ ಹೋಗುತ್ತೆ, ಅದನ್ನೇ ನಾವು 'ನನ್ನ ಸ್ವಭಾವ' ಅಂದುಕೊಂಡುಬಿಡ್ತೀವಿ.

ಹಾಗಾದರೆ ದಾರಿ? 1924ರಲ್ಲಿ ಅಮೆರಿಕದ ಮೇರಿ ಕವರ್ ಜೋನ್ಸ್ ಒಂದು ಪುಟ್ಟ ಹುಡುಗನ ಕಥೆ ಪ್ರಕಟಿಸಿದರು. ಅವನನ್ನು ಅವರು ಪೀಟರ್ ಅಂತ ಕರೆದರು. ವಯಸ್ಸು ಸುಮಾರು 3, ಮೊಲ ಕಂಡರೆ ಭಯ. ಮೊಲಕ್ಕೆ ಹೆದರದ ಮಕ್ಕಳ ಜೊತೆ ಆಡಿಸಿದಾಗ ಭಯ ಕಡಿಮೆಯಾಗುತ್ತಾ ಬಂತು. ಅಷ್ಟರಲ್ಲಿ ಅವನಿಗೆ ಕಾಯಿಲೆ. ಆಸ್ಪತ್ರೆಯಿಂದ ಹೊರಡುವಾಗ ದೊಡ್ಡ ನಾಯಿಯೊಂದು ಮೇಲೆರಗಿ ಬಂತು, ಹಳೇ ಭಯ ಮರಳಿತು. ಜೋನ್ಸ್ ಮತ್ತೆ ಶುರು ಮಾಡಿದರು. ಪೀಟರ್ ಇಷ್ಟದ ತಿಂಡಿ ತಿನ್ನುವಾಗ ಪಂಜರದ ಮೊಲವನ್ನು ದೂರದಲ್ಲಿಡೋದು, ಆಮೇಲೆ ಸ್ವಲ್ಪ ಸ್ವಲ್ಪವೇ ಹತ್ತಿರ ತರೋದು. ಕೊನೆಗೆ ಮೊಲ ಬೆರಳು ಕಚ್ಚಾಡಿದರೂ ಪೀಟರ್ ಹೆದರಲಿಲ್ಲ!

ಇವತ್ತು ಚಿಕಿತ್ಸಕರು ಬಳಸುವ ಎಕ್ಸ್‌ಪೋಶರ್ ಥೆರಪಿಯ ಬೇರುಗಳಲ್ಲಿ ಇದೂ ಒಂದು. ಭಯ ದಿನನಿತ್ಯದ ಬದುಕನ್ನೇ ಕಟ್ಟಿಹಾಕಿದ್ದರೆ ಅಂಥವರ ನೆರವು ಪಡೆಯೋದೇ ಒಳ್ಳೇದು. ಗಮನಿಸಿ, ಪೀಟರ್‌ಗೆ 'ಹೆದರಬೇಡ' ಅಂತ ಗದರಲಿಲ್ಲ, ಮೊಲವನ್ನು ಒಮ್ಮೆಲೇ ಮಡಿಲಿಗೆ ಹಾಕಲೂ ಇಲ್ಲ. ಮಿದುಳಿಗೆ ಉಪದೇಶ ನಾಟಲ್ಲ, ಅನುಭವ ನಾಟುತ್ತೆ.

ನೀವು ತುಂಬಾ ದಿನದಿಂದ ಸುತ್ತಿ ಹೋಗುತ್ತಿರುವ ಚೌಕ ಯಾವುದು? ಇವತ್ತೇ ದಾಟಬೇಕಿಲ್ಲ. ಅದರ ಅಂಚಿನವರೆಗೆ ಹೋಗಿ ಸ್ವಲ್ಪ ಹೊತ್ತು ನಿಂತರೂ ಸಾಕು. ಮುಂದಿನ ಸಂಚಿಕೆಯಲ್ಲಿ ಸಿಗೋಣ.