ಹೊರೆ, ಚೀಲ ಮತ್ತು ಬೆನ್ನು: ಕಟ್ಟಡ ಶ್ರಮದ ಚರಿತ್ರೆಯಲ್ಲೊಂದು ಮೌನ

ನಮ್ಮ ಶಾಸನಗಳಲ್ಲಿ ಕೆರೆ, ದೇಗುಲ, ಬಸದಿಗಳ ನಿರ್ಮಾಣವನ್ನು ಹೇಳುವಾಗ ಬರುವ ಕ್ರಿಯಾಪದ ಬಹುಮಟ್ಟಿಗೆ ಪ್ರೇರಣಾರ್ಥಕವಾದುದು. ಅರಸನೋ ಸಾಮಂತನೋ ಸೆಟ್ಟಿಯೋ ‘ಕಟ್ಟಿಸಿದ’, ‘ಮಾಡಿಸಿದ’; ಕಟ್ಟಿದವರು ‘ಇಸು’ ಎಂಬ ಪ್ರತ್ಯಯದ ಮರೆಯಲ್ಲಿ ಉಳಿದುಬಿಡುತ್ತಾರೆ. ಹೊಯ್ಸಳರ ಕಾಲದ ರೂವಾರಿಗಳು ಇದಕ್ಕೆ ಅಪವಾದ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಮುಂದೆ ಹಲವು ಗುಡಿಗಳಲ್ಲಿ ಮಲ್ಲಿತಮ್ಮ ತಮ್ಮ ಹೆಸರುಗಳನ್ನು ಶಿಲ್ಪಗಳಲ್ಲಿ ಕೊರೆದು ಹೋಗಿದ್ದಾರೆ. ಆ ಕಲ್ಲನ್ನು ಎತ್ತಿದವರ, ಸುಣ್ಣ ಮರಳುಗಳನ್ನು ಹೊತ್ತವರ ಹೆಸರು ಹೀಗೆ ಉಳಿದಿಲ್ಲ. ಹೆಸರು ಹೋಗಲಿ, ಅವರ ಮೈಗೆ ಏನಾಯಿತು ಎಂಬ ಪ್ರಶ್ನೆಯನ್ನು ಕಟ್ಟಡಗಳ ಚರಿತ್ರೆ ಬರೆದವರು ಕೇಳಿದ್ದೂ ಅಪರೂಪ. ಭಾರ ಎತ್ತುವುದರಿಂದ ಸವೆಯುವ ಬೆನ್ನು ದಾಖಲೆಗಳಿಂದ ಹೇಗೆ ಹೊರಗುಳಿಯಿತು ಎಂಬುದನ್ನು, ಮುಖ್ಯವಾಗಿ ಸಿಮೆಂಟು ಚೀಲದ ತೂಕವನ್ನು ಮುಂದಿಟ್ಟುಕೊಂಡು, ಇಲ್ಲಿ ಪರಿಶೀಲಿಸಲು ಯತ್ನಿಸಿದ್ದೇವೆ.

ಭಾರ ಹೊರುವವರ ಕಷ್ಟವನ್ನು ಹಿಂದಿನವರು ಅರಿತಿರಲಿಲ್ಲವೆಂದು ಹೇಳಲಾಗದು. ದಕ್ಷಿಣ ಭಾರತದ ಹಳೆಯ ದಾರಿಗಳ ಬದಿಯಲ್ಲಿ ಹೊರೆ ಇಳಿಸುವ ಕಲ್ಲುಗಳಿವೆ. ತಮಿಳರು ಇದನ್ನು ‘ಸುಮೈದಾಂಗಿ’ ಎನ್ನುತ್ತಾರೆ. ಎರಡು ನಿಲುಗಲ್ಲುಗಳ ಮೇಲೆ ಒಂದು ಅಡ್ಡಗಲ್ಲು. ಅದರ ಎತ್ತರವೇ ಅದರ ಅರ್ಥ: ತಲೆಯ ಹೊರೆಯನ್ನು ಬಾಗದೆ ಅದರ ಮೇಲೆ ಜಾರಿಸಬಹುದು, ಇನ್ನೊಬ್ಬರ ನೆರವಿಲ್ಲದೆ ಮತ್ತೆ ತಲೆಗೇರಿಸಿಕೊಳ್ಳಬಹುದು. ಹೊರುವುದಕ್ಕಿಂತ ನೆಲದಿಂದ ಎತ್ತುವುದೇ ಕಠಿಣ ಎಂಬ ತಿಳಿವಳಿಕೆ ಈ ಕಲ್ಲಿನಲ್ಲಿದೆ. ತಮಿಳುನಾಡಿನಲ್ಲಿ ಬಸುರಿಯಾಗಿದ್ದಾಗ ತೀರಿಕೊಂಡ ಹೆಂಗಸರ ನೆನಪಿಗೆ ಇವನ್ನು ನಿಲ್ಲಿಸುವ ವಾಡಿಕೆಯಿತ್ತು. ಆದರೆ ಈ ಪುಣ್ಯಕಾರ್ಯ ದಾರಿಹೋಕನಿಗಾಗಿ ನಡೆದುದು. ಕಟ್ಟಡದ ಕೆಲಸದಲ್ಲಿ ಹೊರೆ ಹೊರುವವರಿಗೆ ಇಂಥದೊಂದು ಕಲ್ಲನ್ನು ನಿಲ್ಲಿಸಿದವರಾರೆಂದು ಕೇಳಬೇಕಾಗುತ್ತದೆ.

ವಸಾಹತು ಕಾಲದ ಲೋಕೋಪಯೋಗಿ ಇಲಾಖೆಗಳೊಂದಿಗೆ ಅಳತೆಯ ಕಾಲ ಬಂದಿತು. ಮಣ್ಣಿನ ಕೆಲಸವನ್ನು ತೋಡಿದ ಗುಂಡಿಯ ಘನ ಅಳತೆಯಿಂದ ಲೆಕ್ಕ ಹಾಕುತ್ತಿದ್ದರು. ಮೂಲ ನೆಲಮಟ್ಟ ತಿಳಿಯಲೆಂದು ನಡುನಡುವೆ ಮಣ್ಣಿನ ದಿಮ್ಮಿಗಳನ್ನು ತೋಡದೆ ಬಿಡುತ್ತಿದ್ದರು. ದರಪಟ್ಟಿಗಳಲ್ಲಿ ‘ಲೀಡ್’ ಮತ್ತು ‘ಲಿಫ್ಟ್’ ಎಂಬ ಎರಡು ಮಾತುಗಳು ನೆಲೆಗೊಂಡವು. ಮೊದಲನೆಯದು ಮಣ್ಣನ್ನು ಸಾಗಿಸುವ ದೂರ, ಎರಡನೆಯದು ಎತ್ತುವ ಎತ್ತರ. ಮೆಟ್ರಿಕ್ ಪದ್ಧತಿ ಬಂದ ಮೇಲೆ ಕೇಂದ್ರ ಲೋಕೋಪಯೋಗಿ ಇಲಾಖೆಯ ದರಗಳಲ್ಲಿ ಮೊದಲ 50 ಮೀಟರ್ ಲೀಡ್ ಮತ್ತು 1.5 ಮೀಟರ್ ಲಿಫ್ಟ್ ಮೂಲದರದಲ್ಲೇ ಸೇರಿದವು. ದೂರಕ್ಕೂ ಎತ್ತರಕ್ಕೂ ಬೆಲೆ ಕಟ್ಟಿದ ಈ ಲೆಕ್ಕಕ್ಕೆ ಒಂದೊಂದು ಬುಟ್ಟಿಯ ತೂಕ ಬೇಕಾಗಿರಲಿಲ್ಲ. ಕೂಲಿ ಗುಂಡಿಯ ಅಳತೆಗೆ ತಕ್ಕಂತೆ ಸಿಗುವಾಗ, ಬೇಗ ಮುಗಿಸಲು ಬುಟ್ಟಿಯನ್ನು ತುಂಬಿ ತುಳುಕಿಸುವುದು ಕೆಲಸಗಾರರ ಪಾಲಿನ ಅನಿವಾರ್ಯವಾಯಿತು. ಒತ್ತಾಯ ಮೇಸ್ತ್ರಿಯದೆಂದು ಕಂಡರೂ ಅದರ ಮೂಲ ದರಪಟ್ಟಿಯಲ್ಲಿದೆ ಎಂಬುದು ನಮ್ಮ ಅಭಿಪ್ರಾಯ. ಮಣ್ಣು ಒಡ್ಡ, ಕಲ್ಲು ಒಡ್ಡ ಎಂದು ಕೆಲಸದಿಂದಲೇ ಗುರುತಾದ ಸಮುದಾಯಗಳ ಚರಿತ್ರೆಯನ್ನು ಈ ಪಟ್ಟಿಗಳ ಪಕ್ಕದಲ್ಲಿಟ್ಟು ಓದುವ ಅಗತ್ಯವಿದೆ.

ಸಿಮೆಂಟಿನೊಂದಿಗೆ ಈ ಚಿತ್ರ ಬದಲಾಯಿತು. ಸುಣ್ಣ ಸುರ್ಕಿಗಳ ಗಾರೆಯನ್ನು ಬಾಂಡಲಿಯಷ್ಟು ಬಾಂಡಲಿಯಾಗಿ ಹೊರಬಹುದಿತ್ತು. ಹೊರುವವರ ಶಕ್ತಿಗೆ ತಕ್ಕಂತೆ ಕಡಿಮೆ ತುಂಬಿಸಲೂ ಅವಕಾಶವಿತ್ತು. ಸಿಮೆಂಟು ಕಟ್ಟಿದ ಚೀಲದಲ್ಲಿ ಬಂದಿತು. ಬ್ರಿಟಿಷ್ ಅಳತೆಯಲ್ಲಿ ಚೀಲಕ್ಕೆ ಒಂದು ಹಂಡ್ರೆಡ್‌ವೇಟ್, ಅಂದರೆ 112 ಪೌಂಡು. ಇಪ್ಪತ್ತು ಚೀಲಕ್ಕೆ ಒಂದು ಟನ್ನು. 1956ರ ತೂಕ ಮತ್ತು ಅಳತೆಗಳ ಕಾಯ್ದೆಯ ನಂತರ ಅದು 50 ಕಿಲೋಗ್ರಾಂ ಆಯಿತು. ಇಪ್ಪತ್ತು ಚೀಲಕ್ಕೆ ಒಂದು ಮೆಟ್ರಿಕ್ ಟನ್ನು. ಲೆಕ್ಕದ ಪುಸ್ತಕಕ್ಕೆ ಏನೂ ತೊಂದರೆಯಾಗಲಿಲ್ಲ. ಒಂದು ಚೀಲ ಸುಮಾರು 35 ಲೀಟರು ತುಂಬುವುದರಿಂದ ಮರಳು ಜಲ್ಲಿಗಳ ಅಳತೆ ಪೆಟ್ಟಿಗೆಗಳೂ ಅದೇ ಗಾತ್ರಕ್ಕೆ ಹೊಂದಿಕೊಂಡವು. ಹೀಗೆ ಚೀಲದ ತೂಕ ವ್ಯಾಪಾರಕ್ಕೂ ಕಾಂಕ್ರೀಟಿನ ಮಿಶ್ರಣಕ್ಕೂ ಅನುಕೂಲವಾಯಿತು. ಅದನ್ನು ಹೊರುವ ಮನುಷ್ಯ ಎಷ್ಟು ಎತ್ತಬಲ್ಲ ಎಂಬ ವಿಚಾರ ಈ ನಿರ್ಣಯದ ಯಾವ ಹಂತದಲ್ಲೂ ಕಾಣುವುದಿಲ್ಲ.

ಲೆಕ್ಕವನ್ನು ಸ್ವಲ್ಪ ಮುಂದುವರಿಸಬಹುದು. 10 ಟನ್ನಿನ ಲಾರಿಯಲ್ಲಿ 200 ಚೀಲ. ನಾಲ್ವರು ಇಳಿಸಿದರೆ ತಲಾ 50 ಚೀಲ, ತಲಾ ಎರಡೂವರೆ ಟನ್ನು. ಕಾನೂನು ಕೇಳುವುದು ಒಂದು ಸಲಕ್ಕೆ ಎಷ್ಟು ಎಂಬುದನ್ನು ಮಾತ್ರ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲಿ ವಯಸ್ಕ ಪುರುಷನಿಗೆ 55 ಕಿಲೋಗ್ರಾಂ ಮಿತಿಯನ್ನು ಶಿಫಾರಸು ಮಾಡಿತು. ನಮ್ಮ ಕಟ್ಟಡ ಕಾರ್ಮಿಕರ 1996ರ ಕಾಯ್ದೆಯಡಿ 1998ರಲ್ಲಿ ಬಂದ ಕೇಂದ್ರ ನಿಯಮಗಳೂ ಪುರುಷರಿಗೆ 55, ಸ್ತ್ರೀಯರಿಗೆ 30 ಎಂದವು. (ಈ ಕಾಯ್ದೆ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲಿ ವಿಲೀನಗೊಂಡಿದೆ.) 50 ಕಿಲೋದ ಚೀಲ ಈ ಮಿತಿಯೊಳಗೆ ಸಲೀಸಾಗಿ ಕೂರುತ್ತದೆ. ಸ್ತ್ರೀಯರ ಪಾಲಿಗೆ ಬರುವುದು ಚೀಲವಲ್ಲ, ಇಟ್ಟಿಗೆ ಮತ್ತು ಬಾಂಡಲಿ. ಇಟ್ಟಿಗೆಗೆ ಸುಮಾರು 3 ಕಿಲೋ ಹಿಡಿದರೆ ಸಿಂಬೆಯ ಮೇಲೆ ಹತ್ತು ಇಟ್ಟಿಗೆ ಪೇರಿಸಿದಾಗಲೇ 30 ಮುಟ್ಟುತ್ತದೆ. ದಿನಕ್ಕೆ ಎಷ್ಟು ಸಲ ಏಣಿ ಹತ್ತಿದಳೆಂಬುದಕ್ಕೆ ಮಿತಿಯಿಲ್ಲ.

ವೈದ್ಯವಿಜ್ಞಾನ ಇಷ್ಟರಲ್ಲಿ ಬೇರೆ ದಾರಿ ಹಿಡಿದಿತ್ತು. ಸ್ವೀಡನ್ನಿನ ಆಲ್ಫ್ ನಾಕೆಮ್ಸನ್ 1960ರ ದಶಕದಲ್ಲಿ ಬೆನ್ನುಮೂಳೆಯ ನಡುವಣ ಬಿಲ್ಲೆಗಳೊಳಗಿನ ಒತ್ತಡವನ್ನೇ ಅಳೆದು, ಮುಂದೆ ಬಾಗಿ ಭಾರ ಹಿಡಿದಾಗ ಅದು ಎಷ್ಟು ಏರುತ್ತದೆಂದು ತೋರಿಸಿದರು. ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆಯ 1991ರ ಪರಿಷ್ಕೃತ ಸೂತ್ರ ಅತ್ಯಂತ ಅನುಕೂಲ ಭಂಗಿಯಲ್ಲೂ 23 ಕಿಲೋಗ್ರಾಮಿನಿಂದಲೇ ಲೆಕ್ಕ ಆರಂಭಿಸುತ್ತದೆ. ಬಾಗುವುದು, ತಿರುಗುವುದು, ಮತ್ತೆ ಮತ್ತೆ ಎತ್ತುವುದು ಬಂದಂತೆಲ್ಲ ಅದು ಇಳಿಯುತ್ತದೆ. ಬ್ರಿಟನ್ನಿನಲ್ಲಿ ಭಾರ ಎತ್ತುವಿಕೆಯ 1992ರ ನಿಯಮಗಳು ಬಂದ ಮೇಲೆ ಸಿಮೆಂಟು ಚೀಲ 25 ಕಿಲೋಗೆ ಇಳಿಯಿತು. 112 ಪೌಂಡಿನ ಅಳತೆಯನ್ನು ನಮಗೆ ಕೊಟ್ಟವರು ಅದನ್ನು ಅರ್ಧ ಮಾಡಿಕೊಂಡರು, ನಾವು ಉಳಿಸಿಕೊಂಡೆವು.

ಇಷ್ಟಾಗಿಯೂ ನೋವು ಲೆಕ್ಕಕ್ಕೆ ಬಾರದಿರಲು ಇನ್ನೊಂದು ಕಾರಣವಿದೆ. 1923ರ ಕಾರ್ಮಿಕರ ಪರಿಹಾರ ಕಾಯ್ದೆ ಕೆಲಸದ ವೇಳೆ ಸಂಭವಿಸಿದ ‘ಅಪಘಾತ’ವನ್ನು ಗುರುತಿಸುತ್ತದೆ, ಅದರೊಂದಿಗೆ ವೃತ್ತಿರೋಗಗಳ ಒಂದು ಪಟ್ಟಿಯಿದೆ. ಸೀಸದ ವಿಷ, ಪಾದರಸದ ವಿಷ ಅಲ್ಲಿವೆ. ಹೊರೆ ಎತ್ತಿ ಸವೆದ ಬೆನ್ನು ಇಲ್ಲ. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಈ ಕಾಯ್ದೆ ಸೇರಿದರೂ ಚೌಕಟ್ಟು ಅದೇ ಆಗಿದೆ. ಸಾರುವೆಯಿಂದ ಬಿದ್ದವನಿಗೆ ದಿನಾಂಕವಿದೆ, ಸಾಕ್ಷಿಗಳಿದ್ದಾರೆ. ಇಪ್ಪತ್ತು ವರ್ಷಗಳಲ್ಲಿ ಕುಸಿದ ಬೆನ್ನಿಗೆ ದಿನಾಂಕ ಎಲ್ಲಿಂದ ತರುವುದು? ನಾಕಾದಲ್ಲಿ ನಿಂತು ದಿನಕ್ಕೊಬ್ಬ ಗುತ್ತಿಗೆದಾರನ ಬಳಿ ದುಡಿದವನು ಯಾರನ್ನು ಹೊಣೆ ಮಾಡಬೇಕು? ಮಹಾರಾಷ್ಟ್ರದ 1969ರ ಮಾಥಾಡಿ ಕಾಯ್ದೆ ಮಾರುಕಟ್ಟೆ ಗೋದಾಮುಗಳ ಹಮಾಲರ ವಿಷಯದಲ್ಲಿ ಈ ತೊಡಕನ್ನು ಒಂದು ಮಟ್ಟಿಗೆ ಬಿಡಿಸಿತು: ಮಾಲೀಕರು ಹಲವರಾದರೂ ಮಂಡಳಿ ಒಂದೇ, ಭವಿಷ್ಯನಿಧಿ ಒಂದೇ. ದಿನಗೂಲಿಯ ಕಟ್ಟಡ ಕೆಲಸಗಾರರಿಗೂ 1996ರ ಕಾಯ್ದೆಯಡಿ ಕಲ್ಯಾಣ ಮಂಡಳಿಗಳು ಬಂದವು.

ಹೊರನಾಡಿನ ಸಂಶೋಧಕರಿಗೆ ಇಲ್ಲಿ ವಿಶೇಷ ಅವಕಾಶವಿದೆ. ಮುಂಬಯಿ ಪುಣೆಗಳ ಮನೆಗಳಿಗೆ ಹಾಸಿದ ಶಹಾಬಾದಿ ಫರ್ಸಿ ಕಲಬುರಗಿ ಸೀಮೆಯದು; ಆ ನಗರಗಳಿಗೂ ಹೈದರಾಬಾದಿಗೂ ಕಲಬುರಗಿ, ವಿಜಯಪುರ, ರಾಯಚೂರು, ಯಾದಗಿರಿಗಳಿಂದ ಕಟ್ಟಡದ ಕೆಲಸಕ್ಕೆ ಹೋದವರೂ ಆ ಸೀಮೆಯವರೇ. ಅವರ ಆಡುಮಾತು ಕಾನೂನಿಗೆ ಇಲ್ಲದ ಒಂದು ವಿವೇಚನೆಯನ್ನು ಬಲ್ಲದು. ‘ಉಳುಕು’ ಬೇರೆ, ‘ನಡ ಹಿಡಿಯುವುದು’ ಬೇರೆ. ಉಳುಕು ಒಂದು ಗಳಿಗೆಯಲ್ಲಿ ಆಗುವಂಥದು, ಅದನ್ನು ಅಪಘಾತವೆನ್ನಬಹುದು. ನಡ ಹಿಡಿಯುವುದಕ್ಕೆ ವರ್ಷಗಳು ಬೇಕು. ಆದ್ದರಿಂದ ಹಿರಿಯ ಕೆಲಸಗಾರರನ್ನು ಕಂಡು ಮೌಖಿಕ ಚರಿತ್ರೆ ಸಂಗ್ರಹಿಸುವವರು ನೋವು ಯಾವಾಗ ಶುರುವಾಯಿತೆಂದು ಕೇಳುವುದರಿಂದ ಪ್ರಯೋಜನ ಕಡಿಮೆ. ಚೀಲ ಹೊರುವುದನ್ನು ಯಾವ ವರ್ಷ ಬಿಟ್ಟಿರಿ, ಆಮೇಲೆ ಯಾವ ಕೆಲಸಕ್ಕೆ ಹೋದಿರಿ, ಕೂಲಿ ಎಷ್ಟು ಇಳಿಯಿತು ಎಂದು ಕೇಳಬೇಕು. ದಾಖಲೆಗಳಲ್ಲಿ ಸಿಗದ ದಿನಾಂಕ ಈ ಉತ್ತರಗಳಲ್ಲಿ ಸಿಗಬಹುದಾಗಿದೆ.