ಬಾಗಿಲಲ್ಲೇ ಉಳಿದ ಕಾಗದ



ಉತ್ತರಹಳ್ಳಿಯ ಒಂದು ಮನೆಗೆ ಕಾಗದ ಬಂದಿದೆ, ಆದರೆ ವಿಳಾಸದಾರರು ಮನೆ ಬಿಟ್ಟು ಹೋಗಿದ್ದಾರೆ ಎಂದುಕೊಳ್ಳಿ. ಅಂಚೆಯಣ್ಣ ಅದನ್ನು ಹರಿದು ಎಸೆಯುವುದಿಲ್ಲ. ಕಾರಣ ಬರೆದು ಕಳಿಸಿದವರಿಗೆ ಹಿಂದಿರುಗಿಸುತ್ತಾನೆ. ಕಾಗದ ತಲುಪಲಿಲ್ಲ ಎಂಬುದಾದರೂ ಅವರಿಗೆ ತಿಳಿಯುತ್ತದೆ.

ಇ-ಮೇಲ್ ಕೂಡ ಇದೇ ಮರ್ಯಾದೆಯಿಂದ ಆರಂಭವಾಯಿತು. 1982ರ ಆಗಸ್ಟ್‌ನಲ್ಲಿ ಅಮೆರಿಕದ ಜೊನಾಥನ್ ಪೋಸ್ಟೆಲ್ ಪ್ರಕಟಿಸಿದ ನಿಯಮಾವಳಿಯಂತೆ, ಪತ್ರವನ್ನು ಒಪ್ಪಿಕೊಂಡ ಗಣಕಯಂತ್ರ ಅದನ್ನು ತಲುಪಿಸಬೇಕು, ಇಲ್ಲವೇ ಕಳಿಸಿದವರಿಗೆ ತಿಳಿಸಬೇಕು.

ಈ ಮರ್ಯಾದೆ ಕೆಟ್ಟದ್ದು ಹೇಗೆ? ಬೇಡದ ಜಾಹೀರಾತು ಪತ್ರ, ಅಂದರೆ 'ಸ್ಪ್ಯಾಮ್', ನಿಯಮಾವಳಿಗಿಂತಲೂ ಹಳೆಯದು. 1978ರ ಮೇ 3ರಂದು ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯ ಮಾರಾಟಗಾರನೊಬ್ಬ ಸುಮಾರು 400 ಮಂದಿಗೆ ಒಮ್ಮೆಲೇ ಜಾಹೀರಾತು ಕಳಿಸಿದ್ದ. ತೊಂಬತ್ತರ ದಶಕದಲ್ಲಿ ಇದು ಪ್ರವಾಹವಾಯಿತು. 2000ದ ಮೇ ತಿಂಗಳಲ್ಲಿ 'ಐ ಲವ್ ಯೂ' ವೈರಸ್ ಇ-ಮೇಲ್ ಮೂಲಕವೇ ಜಗತ್ತಿನ ಕಚೇರಿಗಳಿಗೆ ನುಗ್ಗಿತು. ಕಚೇರಿಗಳು ಬಾಗಿಲಲ್ಲಿ ಜರಡಿ ಹಿಡಿದು ಕೂತವು. ಸ್ಪ್ಯಾಮ್ ಕಳಿಸುವವರ ವಿಳಾಸ ಬಹುಪಾಲು ನಕಲಿಯಾದ್ದರಿಂದ, ತಡೆದ ಪತ್ರಕ್ಕೆಲ್ಲ ಉತ್ತರ ಬರೆದರೆ ಅದು ಯಾರೋ ಅಮಾಯಕರ ಪೆಟ್ಟಿಗೆ ತುಂಬುತ್ತಿತ್ತು. ಹಾಗಾಗಿ ಜರಡಿ ಮೌನವಾಗಿ ತಡೆಯುವುದನ್ನು ಕಲಿತಿತು. ಕಾರಣ ನ್ಯಾಯವಾದದ್ದೇ, ಪರಿಣಾಮ ಮಾತ್ರ ಅಲ್ಲ.

ಹಳೆಯ ಜರಡಿಗಳಿಗೆ ಪದಗಳಷ್ಟೇ ಗೊತ್ತು, ಅರ್ಥ ಗೊತ್ತಿಲ್ಲ. 1996ರಲ್ಲಿ ಇಂಗ್ಲೆಂಡಿನ ಸ್ಕನ್‌ಥಾರ್ಪ್ ಊರಿನವರು ಎ.ಓ.ಎಲ್. ಸೇವೆಗೆ ಸೇರಲಾಗದೆ ಒದ್ದಾಡಿದರು. ಊರಿನ ಹೆಸರಿನ ನಡುವೆ ಒಂದು ಅಶ್ಲೀಲ ಪದದ ಅಕ್ಷರಗಳು ಸಾಲಾಗಿ ಬಂದಿದ್ದೇ ಅವರ ತಪ್ಪು! 2003ರ ಆರಂಭದಲ್ಲಿ ಬ್ರಿಟಿಷ್ ಸಂಸತ್ತಿನ ಹೊಸ ಜರಡಿ, ಆಗ ಚರ್ಚೆಯಲ್ಲಿದ್ದ ಲೈಂಗಿಕ ಅಪರಾಧಗಳ ಮಸೂದೆಯ ಪತ್ರಗಳನ್ನೇ ತಡೆಯಿತು. ವೇಲ್ಸ್ ನಾಡಿನ ವೆಲ್ಷ್ ಭಾಷೆಯ ಪತ್ರಗಳನ್ನೂ ತಡೆಯಿತು. ಆ ಭಾಷೆ ಅದಕ್ಕೆ ತಿಳಿಯದು.

ಈ ವೆಲ್ಷ್ ಪ್ರಸಂಗವನ್ನು ನೀವು ಸ್ವಲ್ಪ ನಿಂತು ಯೋಚಿಸಬೇಕು. ಯೂನಿಕೋಡ್ ಬಳಕೆಗೆ ಬರುವ ಮುನ್ನ ನಾವು ಕನ್ನಡ ಟೈಪ್ ಮಾಡಿದರೆ, ಒಳಗೆ ದಾಖಲಾಗುತ್ತಿದ್ದದ್ದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತಗಳು. ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ನಮ್ಮ ಪತ್ರ ಅರ್ಥವಿಲ್ಲದ ಕಲಸುಮೇಲೋಗರ. ಇಂಗ್ಲಿಷ್ ಪದಗಳನ್ನಷ್ಟೇ ಬಲ್ಲ ಜರಡಿಗೆ ಅದು ಅನುಮಾನಾಸ್ಪದವಾಗಿ ಕಂಡರೆ ಆಶ್ಚರ್ಯವೇನು?

ನಮ್ಮ ದೇಶದಲ್ಲೂ ಇಂಥ ಅತಿ ಉತ್ಸಾಹ ನಡೆದಿದೆ. 2003ರ ಸೆಪ್ಟೆಂಬರ್‌ನಲ್ಲಿ ಮೇಘಾಲಯದ ಒಂದು ಪ್ರತ್ಯೇಕತಾವಾದಿ ಗುಂಪಿನ ಪುಟವನ್ನು ತಡೆಯಲು ಕೇಂದ್ರ ಸರ್ಕಾರ ಆದೇಶಿಸಿತು. ಅದೊಂದನ್ನೇ ಬೇರ್ಪಡಿಸಲಾಗದ ಇಂಟರ್ನೆಟ್ ಕಂಪನಿಗಳು ಇಡೀ 'ಯಾಹೂ ಗ್ರೂಪ್ಸ್' ತಾಣವನ್ನೇ ಮುಚ್ಚಿದವು. ಒಂದು ಮನೆಯ ನಲ್ಲಿಗಾಗಿ ಇಡೀ ಬೀದಿಯ ನೀರು ನಿಲ್ಲಿಸಿದಂತೆ.

ಸುಧಾರಣೆಯೂ ಆಯಿತು. 2002ರ ಆಗಸ್ಟ್‌ನಲ್ಲಿ ಪಾಲ್ ಗ್ರಹಾಂ ಬರೆದ ಲೇಖನವೊಂದು, ಗಣಿತದ ಸಂಭವನೀಯತೆಯಿಂದ ಇಡೀ ಪತ್ರವನ್ನು ತೂಗುವ ವಿಧಾನವನ್ನು ಜನಪ್ರಿಯಗೊಳಿಸಿತು. ಹತ್ತು ಕಸ ಒಳಬಂದರೆ ಅಳಿಸಬಹುದು, ಒಂದು ಒಳ್ಳೆಯ ಪತ್ರ ಕಳೆದುಹೋದರೆ ನಷ್ಟ ದೊಡ್ಡದು ಎಂಬ ಲೆಕ್ಕಾಚಾರ ಅದರಲ್ಲಿತ್ತು.

ನಾಳೆ ನೀವು ಉತ್ತರಹಳ್ಳಿಯಿಂದ ಎಲೆಕ್ಟ್ರಾನಿಕ್ ಸಿಟಿಯ ಕಚೇರಿಯೊಂದಕ್ಕೆ ಕೆಲಸದ ಅರ್ಜಿ ಕಳಿಸುತ್ತೀರಿ. ಉತ್ತರ ಬಾರದಿದ್ದರೆ ತಿರಸ್ಕಾರವೆಂದು ಸುಮ್ಮನಾಗಬೇಡಿ. ಫೋನ್ ಮಾಡಿ ಕೇಳಿ. ನಿಮ್ಮ ಸ್ಪ್ಯಾಮ್ ಪೆಟ್ಟಿಗೆಯನ್ನೂ ವಾರಕ್ಕೊಮ್ಮೆ ನೋಡಿ. ಜಿ-ಮೇಲ್‌ನಲ್ಲಾದರೆ ಅಲ್ಲಿ ಬಿದ್ದ ಪತ್ರ 30 ದಿನ ಮಾತ್ರ ಇರುತ್ತದೆ, ಆಮೇಲೆ ತಾನಾಗಿ ಅಳಿಸಿಹೋಗುತ್ತದೆ.