ಮುಳುಗುವ ವಿದ್ಯೆಯ ಅವಧಿ

ಪಿರಿಯಾಪಟ್ಟಣ, ಕೃಷ್ಣರಾಜನಗರದ ಸೀಮೆಗಳನ್ನು ಕಾವೇರಿಯೂ, ಹುಣಸೂರನ್ನು ಲಕ್ಷ್ಮಣತೀರ್ಥವೂ, ಹೆಗ್ಗಡದೇವನಕೋಟೆಯನ್ನು ಕಪಿಲೆಯೂ ತೋಯಿಸಿ ಹರಿಯುವ ಈ ನಾಡಿನಲ್ಲಿ ನೀರಿಗಿಳಿಯುವ ವಿದ್ಯೆಗೆ ಪಾಠಶಾಲೆಯಾಗಲಿ ಪರೀಕ್ಷಾಪತ್ರವಾಗಲಿ ಇದ್ದುದಿಲ್ಲ. ಒಣಗಿದ ಸೋರೆಬುರುಡೆಯನ್ನೋ ಬೆಂಡನ್ನೋ ಹುಡುಗನ ಬೆನ್ನಿಗೆ ಕಟ್ಟಿ, ನಡುವಿಗೆ ಹಗ್ಗ ಬಿಗಿದು, ಅದರ ತುದಿಯನ್ನು ಹಿಡಿದು ಬಾವಿಯ ಮೆಟ್ಟಿಲ ಮೇಲೆ ನಿಂತ ಹಿರಿಯನೇ ಗುರು. ಬುರುಡೆಯನ್ನು ಕಳಚಿದ ಮೇಲೂ ಹುಡುಗನು ತೇಲಿದನೆಂದರೆ ಅಂದಿಗೆ ವಿದ್ಯಾಸಮಾಪ್ತಿ. ಒಬ್ಬನಿಗೆ ವಾರದಲ್ಲಿ ಒಲಿದ ಈಜು ಮತ್ತೊಬ್ಬನಿಗೆ ಬೇಸಗೆಯೆಲ್ಲ ಕಳೆದರೂ ಒಲಿಯದಿರುವುದುಂಟು; ಅದಕ್ಕಾಗಿ ಯಾರೂ ಪಂಚಾಂಗವನ್ನು ನೋಡುತ್ತಿರಲಿಲ್ಲ. ಬಾವಿಗೆ ಬಿದ್ದ ಬಿಂದಿಗೆಯನ್ನು ತಳಮುಟ್ಟಿ ತರಬಲ್ಲವನಿಗೆ ಊರಿನಲ್ಲಿ ಮನ್ನಣೆಯಿತ್ತು. ದೀರ್ಘವಾಗಿ ಉಸಿರು ಕಟ್ಟುವ ಸಾಮರ್ಥ್ಯವೇ ಅವನ ಬಂಡವಾಳ.

ಆ ಬಂಡವಾಳವನ್ನೇ ತ್ಯಜಿಸಬೇಕೆನ್ನುವ ವಿದ್ಯೆಯೊಂದು ಫ್ರಾನ್ಸಿನಲ್ಲಿ ತಲೆದೋರಿತು. 1943ರಲ್ಲಿ ನೌಕಾಧಿಕಾರಿ ಜಾಕ್ ಕುಸ್ತೊ, ಯಂತ್ರಶಿಲ್ಪಿ ಎಮಿಲ್ ಗಾನ್ಯಾಂ ಇಬ್ಬರೂ ಕೂಡಿ ರೂಪಿಸಿದ ಉಪಕರಣವು, ಬೆನ್ನ ಮೇಲಿನ ಸಿಲಿಂಡರಿನಲ್ಲಿ ಅಡಕಿಸಿದ ಗಾಳಿಯನ್ನು ಸುತ್ತಲಿನ ನೀರಿನ ಒತ್ತಡಕ್ಕೆ ಸಮವಾಗಿಸಿ ಬಾಯಿಗೆ ಒದಗಿಸುತ್ತದೆ. 10 ಮೀಟರ್ ಆಳದಲ್ಲಿ ಆ ಒತ್ತಡವು ದಡದಲ್ಲಿರುವುದರ ಎರಡರಷ್ಟಾದುದರಿಂದ, ಅಲ್ಲಿ ತುಂಬಿಕೊಂಡ ಉಸಿರನ್ನು ಕಟ್ಟಿ ಮೇಲೇರುವವನ ಶ್ವಾಸಕೋಶದಲ್ಲಿ ಗಾಳಿಯು ಇಮ್ಮಡಿಯಾಗಲು ಹವಣಿಸಿ ಪ್ರಾಣಾಪಾಯವನ್ನು ತಂದೊಡ್ಡುತ್ತದೆ. ಬಾವಿಯಲ್ಲಿ ಗುಣವೆನಿಸಿದುದು ಇಲ್ಲಿ ದೋಷ. ಆದಕಾರಣ ಉಸಿರಾಟವನ್ನು ಎಂದಿಗೂ ನಿಲ್ಲಿಸಬಾರದೆಂಬುದೇ ಈ ಉಪಕರಣವನ್ನು ತೊಟ್ಟು ಮುಳುಗುವ ಸ್ಕೂಬಾ ವಿದ್ಯೆಯ ಪ್ರಥಮ ಸೂತ್ರವಾಯಿತು.

ಬ್ರಿಟನ್ನಿನಲ್ಲಿ 1953ರಲ್ಲಿ ಸ್ಥಾಪಿತವಾದ ಸಬ್-ಆಕ್ವಾ ಕ್ಲಬ್, ಅಮೆರಿಕದಲ್ಲಿ 1959ರಲ್ಲಿ ತರಬೇತಿಯನ್ನಾರಂಭಿಸಿದ ವೈಎಂಸಿಎ, 1960ರ ನಾವಿ, 1966ರ ಪ್ಯಾಡಿ ಎಂಬ ಮುಳುಗು ತರಬೇತಿಯ ಸಂಸ್ಥೆಗಳು, ಇವೆಲ್ಲ ಈ ಸೂತ್ರಕ್ಕೆ ಪಠ್ಯಕ್ರಮದ ರೂಪವನ್ನಿತ್ತವು. ಮೊದಲ ತಲೆಮಾರಿನ ಪಾಠಗಳಲ್ಲಿ ಸೈನಿಕ ಶಿಸ್ತಿನ ಛಾಯೆಯೂ ಕಠಿನವಾದ ಈಜಿನ ಪರೀಕ್ಷೆಗಳೂ ಪ್ರಧಾನವಾಗಿದ್ದವು; ಕಾಲಕ್ರಮದಲ್ಲಿ ಪಠ್ಯವು ಚಿಕ್ಕ ಚಿಕ್ಕ ಹಂತಗಳಾಗಿ ಒಡೆದು, ಅವಧಿಯು ಕೆಲವೇ ದಿನಗಳಿಗೆ ಇಳಿಯಿತು. ಇಂದು ಪ್ಯಾಡಿಯ ಆರಂಭಿಕ ಪ್ರಮಾಣಪತ್ರವನ್ನು ಬಯಸುವವನು 200 ಮೀಟರ್ ನಿಲ್ಲದೆ ಈಜಿ, 10 ನಿಮಿಷ ತೇಲಿ, ಕೊಳದಂಥ ಶಾಂತಜಲದಲ್ಲಿ ಅಭ್ಯಾಸಗಳನ್ನು ಪೂರೈಸಿ, ಬಳಿಕ ತೆರೆದ ನೀರಿನಲ್ಲಿ 4 ಬಾರಿ ಮುಳುಗಬೇಕು. ಅವನಿಗೆ ವಿಧಿಸಿದ ಆಳದ ಮಿತಿ 18 ಮೀಟರ್. ಅಭ್ಯಾಸಗಳಲ್ಲಿ ಒಂದನ್ನು ನೋಡಬಹುದು: ಕಣ್ಣು ಮೂಗುಗಳನ್ನು ಮುಚ್ಚಿದ ಮಾಸ್ಕಿನೊಳಕ್ಕೆ ಶಿಷ್ಯನು ತಾನಾಗಿಯೇ ನೀರನ್ನು ಬಿಟ್ಟುಕೊಂಡು, ಅದರ ಮೇಲಂಚನ್ನು ಹಣೆಗೆ ಒತ್ತಿಹಿಡಿದು, ಮೂಗಿನಿಂದ ಉಸಿರನ್ನು ಊದಿ ಆ ನೀರನ್ನು ಕೆಳಗಿನಿಂದ ಹೊರಗಟ್ಟಬೇಕು. ನೀರು ಮೂಗಿಗೆ ತಗುಲಿದೊಡನೆ ದಿಗಿಲುಗೊಂಡು ಮೇಲಕ್ಕೆ ಚಿಮ್ಮುವ ಪ್ರಾಣಿಸಹಜ ಪ್ರವೃತ್ತಿಯನ್ನು ಪಳಗಿಸುವುದೇ ಇದರ ಉದ್ದೇಶ.

ನಮ್ಮ ನಾಡಿನಲ್ಲಿ ಈ ವಿದ್ಯೆಗೆ ಹೆಸರಾದ ಸ್ಥಳವೆಂದರೆ ಮುರುಡೇಶ್ವರದ ಆಚೆ ಅರಬ್ಬೀ ಸಮುದ್ರದಲ್ಲಿರುವ ನೇತ್ರಾಣಿ ದ್ವೀಪ. ಅಲ್ಲಿಗೆ ಬರುವ ಪ್ರವಾಸಿಗರಲ್ಲಿ ಅನೇಕರು ಶಿಕ್ಷಕನ ಕೈಹಿಡಿದು ಅಲ್ಪಕಾಲ ಮುಳುಗಿ, ಮೀನುಗಳನ್ನು ಕಂಡು, ಚಿತ್ರ ತೆಗೆಸಿಕೊಂಡು ಹಿಂದಿರುಗುತ್ತಾರೆ. ಇದು ವಿದ್ಯೆಯ ರುಚಿಯೇ ಹೊರತು ವಿದ್ಯೆಯಲ್ಲ. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು 2007ರಲ್ಲಿ ಪ್ರಕಟಿಸಿದ ನಿಯಮಗಳೂ ಇತರರ ಮೇಲ್ವಿಚಾರಣೆಯಲ್ಲಿ ಮುಳುಗುವವನನ್ನೂ, ಜೊತೆಗಾರನೊಡನೆ ಸ್ವತಂತ್ರನಾಗಿ ಮುಳುಗಬಲ್ಲವನನ್ನೂ ಬೇರೆ ಬೇರೆ ದರ್ಜೆಗಳಲ್ಲಿಟ್ಟಿವೆ.

ಕಾವೇರಿಯ ಮಡುವಿನಲ್ಲಿ ಈಜಿ ಬೆಳೆದ ಕೃಷ್ಣರಾಜನಗರದ ತರುಣನು ನೇತ್ರಾಣಿಗೆ ಹೋಗಿ, ‘ಎಷ್ಟು ದಿನದ ಪಾಠ?’ ಎಂದು ಕೇಳುವುದು ಸಹಜ. ಅವನಿಗೆ ಈಜಿನ ಪರೀಕ್ಷೆ ಸುಲಭವಾದೀತು. ಆದರೆ ಬಾಲ್ಯದಿಂದ ಮೈಗೂಡಿದ ಉಸಿರು ಕಟ್ಟುವ ಅಭ್ಯಾಸವನ್ನು ಮರೆಯಲು, ಈಜು ಆಗತಾನೆ ಕಲಿತವನಿಗಿಂತ ಹೆಚ್ಚಿನ ಕಾಲ ಅವನಿಗೆ ಹಿಡಿದರೂ ಹಿಡಿದೀತು. ಬುರುಡೆಯನ್ನು ಕಳಚುವ ಮುಹೂರ್ತವನ್ನು ಹುಡುಗನ ಕೈಕಾಲುಗಳನ್ನು ನೋಡಿ ನಿರ್ಣಯಿಸುತ್ತಿದ್ದ ಹಿರಿಯನ ವಿವೇಕವು ಪ್ರಮಾಣಪತ್ರಕ್ಕೆ ಸಹಿ ಹಾಕುವ ಶಿಕ್ಷಕನಲ್ಲಿಯೂ ಇರತಕ್ಕದ್ದು. ದಿನಗಳು ಮುಗಿದುವೆಂಬ ಕಾರಣಕ್ಕೆ ಕೊಟ್ಟ ಪತ್ರವು ಆಳದಲ್ಲಿ ಯಾರ ಪ್ರಾಣವನ್ನೂ ಕಾಯಲಾರದು.